‘ಅಲಾಸ್!’ ಅಂತ ಈಗ ಯಾರು ಹೇಳ್ತಾರೆ? ಇಂಗ್ಲಿಷಿನ ಉದ್ಗಾರಗಳ ಬಗ್ಗೆ ಒಂದು ಚರ್ಚೆ

ಬದಿಯಡ್ಕದ ಅಮ್ಮ

ಎಲ್ಲರಿಗೂ ನಮಸ್ಕಾರ. ಇಲ್ಲಿ ಇಂಗ್ಲಿಷ್ ಬಲ್ಲವರು ತುಂಬ ಜನ ಇದ್ದೀರಿ, ಅದಕ್ಕೇ ಕೇಳುತ್ತಿದ್ದೇನೆ.

ಮಗ ಏಳನೇ ಕ್ಲಾಸು, ಕನ್ನಡ ಮೀಡಿಯಂ. ಮೊನ್ನೆ ಇಂಗ್ಲಿಷ್ ಪರೀಕ್ಷೆಯ ಪೇಪರ್ ಕೊಟ್ಟರು. ಸರಿಯಾದ ಉದ್ಗಾರ ತುಂಬುವ ಪ್ರಶ್ನೆ ಇತ್ತು. ‘_____! ಐ ಹ್ಯಾವ್ ಲಾಸ್ಟ್ ಮೈ ಪರ್ಸ್’ ಅಂತ ಒಂದು. ಇವನು ‘ಓ ನೋ’ ಎಂದು ಬರೆದಿದ್ದಾನೆ. ಅದನ್ನು ಕೆಂಪು ಶಾಯಿಯಲ್ಲಿ ಹೊಡೆದು ಮೇಲೆ ‘ಅಲಾಸ್’ ಎಂದು ತಿದ್ದಿದ್ದಾರೆ. ಇನ್ನೊಂದು, ‘_____! ವಿ ಹ್ಯಾವ್ ವನ್ ದ ಮ್ಯಾಚ್’. ಇವನು ಬರೆದದ್ದು ‘ಯೆಸ್’. ಅದಕ್ಕೂ ಕೆಂಪು ಗೆರೆ. ‘ಹುರ್ರಾ’ ಆಗಬೇಕಿತ್ತಂತೆ.

ಎರಡು ಮಾರ್ಕು ಹೋದದ್ದಕ್ಕೆ ನನಗೇನೂ ಬೇಜಾರಿಲ್ಲ. ಆದರೆ ರಾತ್ರಿ ಊಟಕ್ಕೆ ಕೂತಾಗ ಅವನು ಕೇಳಿದ, ‘ಅಮ್ಮಾ, ಇಂಗ್ಲೆಂಡಿನವರು ಪರ್ಸ್ ಕಳೆದುಹೋದರೆ ನಿಜವಾಗಿಯೂ ಅಲಾಸ್ ಅಂತಾರಾ?’ ನನಗೆ ಉತ್ತರ ಗೊತ್ತಿರಲಿಲ್ಲ. ನಾನೂ ಶಾಲೆಯಲ್ಲಿ ಅದನ್ನೇ ಕಲಿತವಳು. ‘ಅಲಾಸ್! ಹಿ ಈಸ್ ಡೆಡ್’ ಅಂತ ಬಾಯಿಪಾಠ ಮಾಡಿದ್ದೆವು. ಆದರೆ ಇಷ್ಟು ವರ್ಷದಲ್ಲಿ ಒಬ್ಬರ ಬಾಯಲ್ಲೂ ಆ ಶಬ್ದ ಕೇಳಿದ ನೆನಪಿಲ್ಲ. ಕ್ರಿಕೆಟ್ ಕಾಮೆಂಟರಿಯಲ್ಲೂ ಇಲ್ಲ.

ಮಗ ಬರೆದದ್ದು ತಪ್ಪಾ? ಬಲ್ಲವರು ಹೇಳಿ.

ಪೆರ್ಲದ ಮಾಷ್ಟ್ರು

ಅಮ್ಮಾ, ನಾನು ಇಂಗ್ಲಿಷ್ ಕಲಿಸಿ ರಿಟೈರ್ ಆದವನು. ಮೊದಲೇ ಒಂದು ತಪ್ಪೊಪ್ಪಿಗೆ. ನನ್ನ ಕೆಂಪು ಪೆನ್ನೂ ಇಂಥ ಎಷ್ಟೋ ‘ಓ ನೋ’ಗಳನ್ನು ಹೊಡೆದುಹಾಕಿದೆ.

ನಿಮ್ಮ ಮಗ ಬರೆದದ್ದು ಸರಿ. ಬರೀ ಸರಿಯಲ್ಲ, ಇವತ್ತಿನ ಇಂಗ್ಲಿಷಿಗೆ ಅದೇ ಸಹಜ. ಪರ್ಸ್ ಕಳೆದುಕೊಂಡವನು ‘ಓ ನೋ’ ಅನ್ನುತ್ತಾನೆ. ಕೆಟ್ಟ ಬಾಯಿಯವನಾದರೆ ಮಕ್ಕಳಿಗೆ ಕಲಿಸಬಾರದ ಬೇರೆ ಶಬ್ದ ಹೇಳುತ್ತಾನೆ. ಅಲಾಸ್ ಅನ್ನುವುದಿಲ್ಲ.

ಅಲಾಸ್ ಹಳೆಯ ಫ್ರೆಂಚ್‌ನಿಂದ ಬಂದದ್ದು. ಅಲ್ಲಿ ‘ಹಾ ಲಾಸ್’ ಎಂದಿತ್ತು. ಆ ‘ಲಾಸ್’ ನಮ್ಮ ಅಂಗಡಿಯ ನಷ್ಟದ ಲಾಸ್ ಅಲ್ಲ. ದಣಿದ, ಸೋತುಹೋದ ಎಂಬ ಅರ್ಥ. ಲ್ಯಾಟಿನ್‌ನ ‘ಲಸ್ಸುಸ್’ ಅದರ ಮೂಲ. ಅಂದರೆ ‘ಅಯ್ಯೋ, ಸೋತೆ’ ಎಂದ ಹಾಗೆ. ಅವರು ಉಚ್ಚರಿಸುವುದೂ ಅಲಾಸ್ ಅಂತ ಅಲ್ಲ, ‘ಅಲ್ಯಾಸ್’. ಎರಡನೇ ಅಕ್ಷರಕ್ಕೆ ಒತ್ತು.

ಈಗ ಆ ಪದ ಪೂರ್ತಿ ಸತ್ತಿಲ್ಲ. ಪತ್ರಿಕೆಯ ಅಂಕಣಗಳಲ್ಲಿ, ವಾಕ್ಯದ ನಡುವೆ, ‘ದುರದೃಷ್ಟಕ್ಕೆ’ ಎಂಬ ಅರ್ಥದಲ್ಲಿ ಬರುತ್ತದೆ. ಮಾತಿನಲ್ಲಿ ಬಂದರೆ ಹೆಚ್ಚಾಗಿ ತಮಾಷೆಗೆ. ‘ಬಿಸ್ಕತ್ತು ಮುಗಿಯಿತು, ಅಲಾಸ್’ ಅಂತ ಒಬ್ಬ ಅಂದರೆ ಅವನಿಗೆ ಸಂಕಟವಾಗಿದೆ ಎಂದಲ್ಲ, ಸಂಕಟದ ನಾಟಕ ಮಾಡುತ್ತಿದ್ದಾನೆ ಎಂದು.

ಚೌಕಿಯ ಮೂಲೆಯಿಂದ

ಅಲಾಸ್ ಅಂದರೆ ಇಂಗ್ಲಿಷಿನ ‘ಅಕಟಕಟಾ’! ಯಕ್ಷಗಾನ ಆಟದ ರಂಗಸ್ಥಳದಲ್ಲಿ ದಮಯಂತಿ ಹೇಳಿದರೆ ಕಣ್ಣಲ್ಲಿ ನೀರು ಬರುತ್ತದೆ. ಕಾಸರಗೋಡು ಬಸ್‌ಸ್ಟ್ಯಾಂಡಿನಲ್ಲಿ ಒಬ್ಬ ಕಿಸೆ ತಡವಿಕೊಂಡು ‘ಅಕಟಕಟಾ, ಎನ್ನ ಪರ್ಸು ಪೋಯಿತೇ’ ಅಂದರೆ ಜನ ಪರ್ಸ್ ಹುಡುಕುವುದಿಲ್ಲ, ಅವನನ್ನೇ ನೋಡುತ್ತಾ ನಿಲ್ಲುತ್ತಾರೆ.

ಬದಿಯಡ್ಕದ ಅಮ್ಮ

ನಗು ತಡೆಯಲಿಕ್ಕೆ ಆಗಲಿಲ್ಲ ಮಾರಾಯ್ರೇ. ಮಗನಿಗೆ ಓದಿ ಹೇಳಿದೆ. ಈಗ ಮನೆಯಿಡೀ ‘ಅಕಟಕಟಾ, ಹೋಂವರ್ಕ್’ ಅಂತ ತಿರುಗುತ್ತಿದ್ದಾನೆ.

ಮಧೂರಿನಿಂದ

ಎಲ್ಲರೂ ನಗುತ್ತಿದ್ದೀರಿ, ಆದರೆ ಟೀಚರ ಕಡೆಯಿಂದಲೂ ಸ್ವಲ್ಪ ನೋಡಿ. ಪಾಠದಲ್ಲಿ ಅಲಾಸ್, ಹುರ್ರಾ, ಬ್ರಾವೋ ಎಂದು ಕೊಟ್ಟಿದ್ದಾರೆ. ಅದನ್ನು ಕಲಿತಿದ್ದಾನಾ ಎಂದು ನೋಡಲಿಕ್ಕೇ ಪರೀಕ್ಷೆ. ಅವರ ಮುಂದೆ ಪೇಪರಿನ ಕಟ್ಟು, ಪಕ್ಕದಲ್ಲಿ ಉತ್ತರದ ಪಟ್ಟಿ. ಒಬ್ಬನಿಗೆ ‘ಓ ನೋ’ ಬಿಟ್ಟರೆ ಇನ್ನೊಬ್ಬ ‘ಅಯ್ಯೋ’ ಎಂದೇ ಬರೆಯುತ್ತಾನೆ. ಮತ್ತೆ ಮಕ್ಕಳು ಹಳೆಯ ಕತೆ, ಪದ್ಯ ಓದುವಾಗ ಈ ಶಬ್ದ ಸಿಗುತ್ತದೆ. ಗೊತ್ತಿರುವುದು ಒಳ್ಳೆಯದೇ ಅಲ್ವಾ?

ಪೆರ್ಲದ ಮಾಷ್ಟ್ರು

ಗೊತ್ತಿರಲಿ, ಬೇಡ ಎಂದು ಯಾರು ಹೇಳಿದರು? ಆದರೆ ‘ಇದು ಹಳೆಯದು, ಓದುವಾಗ ಸಿಗುತ್ತದೆ, ಮಾತಿಗೆ ಬೇಡ’ ಎಂದೂ ಹೇಳಿಕೊಡಬೇಕು. ಅದನ್ನು ಹೇಳದೆ ಕಲಿಸಿದರೆ ಮಗು ದೊಡ್ಡದಾದ ಮೇಲೆ ಅದನ್ನೇ ಎತ್ತಿ ಬಳಸುತ್ತದೆ. ವಿದೇಶದ ಸಹೋದ್ಯೋಗಿಯ ತಾಯಿ ತೀರಿಕೊಂಡಾಗ ‘ಅಲಾಸ್!’ ಎಂದು ಮೆಸೇಜ್ ಹಾಕಿದರೆ ಆತ ಏನೆಂದುಕೊಳ್ಳಬೇಕು? ಸಾವಿನ ಸುದ್ದಿಗೆ ಅವರಲ್ಲಿ ಬರೀ ಉದ್ಗಾರ ಸಾಲದು. ‘ಓ ನೋ, ಐಯಾಮ್ ಸೋ ಸಾರಿ’ ಎಂದು ಪೂರ್ತಿ ಹೇಳಬೇಕು.

ಇನ್ನೊಂದು ಪೀಡೆ ಉಂಟು. ‘ಹಿ ಎಕ್ಸ್‌ಕ್ಲೇಮ್ಡ್ ವಿದ್ ಸಾರೋ ದ್ಯಾಟ್’ ಎಂದು ಪರೋಕ್ಷ ವಾಕ್ಯ ಮಾಡಿಸುವುದು. ಅವನು ದುಃಖದಿಂದ ಉದ್ಗರಿಸಿದನು, ಅವಳು ಸಂತೋಷದಿಂದ ಉದ್ಗರಿಸಿದಳು. ಪರೀಕ್ಷೆಯ ಹಾಳೆಯಿಂದ ಹೊರಗೆ ಇಂಥ ವಾಕ್ಯ ನಾನು ಹೆಚ್ಚು ಕಂಡಿಲ್ಲ.

ನೀರ್ಚಾಲಿನ ಹುಡುಗಿ

ನನ್ನ ಕತೆ ಕೇಳಿ. ಡಿಗ್ರಿ ಮುಗಿಸಿ ಬೆಂಗಳೂರಿನಲ್ಲಿ ಕಸ್ಟಮರ್ ಸಪೋರ್ಟ್ ಕೆಲಸಕ್ಕೆ ಸೇರಿದ್ದೆ. ಅಮೆರಿಕದ ಗಿರಾಕಿಗಳ ಜೊತೆ ಫೋನಿನಲ್ಲಿ ಮಾತಾಡುವುದು. ಎರಡನೇ ವಾರದಲ್ಲೇ ಒಬ್ಬ ಹೆಂಗಸಿಗೆ, ‘ಮೇಡಂ, ನಿಮ್ಮ ಪೂರ್ತಿ ಹಣ ವಾಪಸ್ ಬರುತ್ತದೆ’ ಎಂದೆ. ಆಕೆ ‘ಶಟ್ ಅಪ್!’ ಅಂದಳು.

ನಾನು ಬಾಯಿ ಮುಚ್ಚಿದೆ. ನಿಜವಾಗಿಯೂ ಮುಚ್ಚಿದೆ. ಕಣ್ಣು ತುಂಬಿ ಬಂತು. ಆ ಕಡೆಯಿಂದ ‘ಹಲೋ? ಹಲೋ?’ ಅಂತ ಕೇಳುತ್ತಿದೆ. ಪಕ್ಕದಲ್ಲಿದ್ದ ಸೀನಿಯರ್ ಅಕ್ಕ ಹೆಡ್‌ಫೋನ್ ಕಿತ್ತುಕೊಂಡು ಮಾತು ಮುಗಿಸಿ ಆಮೇಲೆ ಹೇಳಿದರು, ‘ಅದು ಬೈಗುಳ ಅಲ್ಲ, ಖುಷಿ.’ ನಂಬಲಿಕ್ಕೇ ಆಗದ ಒಳ್ಳೆಯ ಸುದ್ದಿ ಕೇಳಿದಾಗ ಅವರು ಹಾಗೆ ಹೇಳುತ್ತಾರಂತೆ. ‘ಗೆಟ್ ಔಟ್!’ ಕೂಡ ಹಾಗೆಯೇ. ‘ನೋ ವೇ!’ ಅಂದರೆ ದಾರಿ ಇಲ್ಲ ಎಂದಲ್ಲ.

ಊರಿಗೆ ಬಂದು ಅಜ್ಜಿಗೆ ಹೇಳಿದರೆ ಅವರಿಗೆ ಏನೂ ಆಶ್ಚರ್ಯ ಆಗಲಿಲ್ಲ. ‘ನಾವು ಹೋಗೋ ಮಾರಾಯ ಅನ್ನುವುದಿಲ್ಲವಾ, ಹಾಗೆ’ ಅಂದರು. ಒಂದೇ ಮಾತು. ನನ್ನ ಟ್ರೈನಿಂಗಿನಲ್ಲಿ ಮೂರು ವಾರ ಹೇಳಿದ್ದು ಆ ಒಂದು ಮಾತಿನಷ್ಟು ತಲೆಗೆ ಹೋಗಿರಲಿಲ್ಲ.

ಹೊಸದುರ್ಗದಿಂದ

ನಮ್ಮ ಮಲಯಾಳದಲ್ಲೂ ‘ಪೋಡಾ!’ ಹಾಗೆಯೇ. ದೋಸ್ತಿಗಳ ನಡುವೆ ಅದು ‘ಹೌದಾ, ಸುಳ್ಳು ಹೇಳ್ಬೇಡ’ ಎಂದು. ಅಪ್ಪನಿಗೆ ಹೇಳಿದರೆ ಮನೆಯಿಂದ ಹೊರಗೆ.

ನಾನು ಮಲಯಾಳಿ, ಕನ್ನಡ ಓದುತ್ತೇನೆ, ಬರೆಯುವುದು ಸ್ವಲ್ಪ ನಿಧಾನ. ಒಂದು ವಿಷಯ ಹೇಳಬೇಕು. ನಮ್ಮಲ್ಲಿ ‘ಅಯ್ಯೋ’ ಬೇರೆ, ‘ಅಯ್ಯೇ’ ಬೇರೆ. ಅಯ್ಯೋ ಅಂದರೆ ನಿಮ್ಮದೇ ಅಯ್ಯೋ. ಅಯ್ಯೇ ಅಂದರೆ ಛೀ, ನಾಚಿಕೆ, ಅಸಹ್ಯ. ಕರ್ನಾಟಕದಿಂದ ಬಂದ ನನ್ನ ಸ್ನೇಹಿತನೊಬ್ಬ ನಮ್ಮ ಮನೆಯಲ್ಲಿ ಮೀನು ಸಾರು ತಿಂದು ಖಾರಕ್ಕೆ ‘ಅಯ್ಯೇ’ ಎಂದುಬಿಟ್ಟ. ಅಮ್ಮ ಎರಡು ದಿನ ಅವನ ಹತ್ತಿರ ಮಾತಾಡಲಿಲ್ಲ. ಕೊನೆಯ ಒಂದು ಸ್ವರ ಮಾಡಿದ ಕೆಲಸ.

ಬದಿಯಡ್ಕದ ಅಮ್ಮ

ಈಗ ನನ್ನ ನಿಜವಾದ ಪ್ರಶ್ನೆ. ನಾನು ಇವತ್ತು ಇಡೀ ದಿನ ನನ್ನ ಬಾಯಿಂದ ಬಂದ ಅಯ್ಯೋಗಳನ್ನು ಲೆಕ್ಕ ಹಾಕಿದೆ. ಹಾಲು ಉಕ್ಕಿದಾಗ ಅಯ್ಯೋ. ಬೆರಳು ಬಾಗಿಲಿಗೆ ಸಿಕ್ಕಿದಾಗ ಅಯ್ಯೋ. ಪಕ್ಕದ ಮನೆಯ ಅಜ್ಜಿ ಜಾರಿ ಬಿದ್ದರು ಎಂದಾಗ ‘ಅಯ್ಯೋ ಪಾಪ’. ನಾದಿನಿಯ ಮಗು ನಕ್ಕ ಫೋಟೋ ನೋಡಿ ‘ಅಯ್ಯೋ, ಎಷ್ಟು ಚೆಂದ’. ಯಜಮಾನರು ದುಡ್ಡಿನ ಮಾತೆತ್ತಿದಾಗ ‘ಅಯ್ಯೋ ಬಿಡಿ’. ಕರೆಂಟ್ ಹೋದಾಗ ಅಯ್ಯೋ, ಬಂದಾಗ ‘ಅಯ್ಯಬ್ಬಾ’.

ಇದಕ್ಕೆಲ್ಲ ಇಂಗ್ಲಿಷಿನಲ್ಲಿ ಏನು ಹೇಳುವುದು? ಒಂದು ಶಬ್ದ ಸಾಕಾ?

ಪೆರ್ಲದ ಮಾಷ್ಟ್ರು

ಒಳ್ಳೆಯ ಪಟ್ಟಿ ಕೊಟ್ಟಿರಿ. ಇಂಥದ್ದನ್ನು ಇಟ್ಟುಕೊಂಡು ಪಾಠ ಮಾಡಿದ್ದರೆ ನನ್ನ ಮಕ್ಕಳು ಇನ್ನಷ್ಟು ಕಲಿಯುತ್ತಿದ್ದರು.

ಒಂದು ಶಬ್ದ ಸಾಲದು. ನಾವು ಒಂದೇ ಅಯ್ಯೋ ಹಿಡಿದುಕೊಂಡು ರಾಗ ಬದಲಿಸುತ್ತೇವೆ. ಅವರು ಶಬ್ದವನ್ನೇ ಬದಲಿಸುತ್ತಾರೆ. ಹಾಲು ಉಕ್ಕಿದರೆ ‘ಓ ನೋ’. ಬೆರಳು ಸಿಕ್ಕಿದರೆ ‘ಔಚ್’ ಅಥವಾ ‘ಆವ್’. ಅಜ್ಜಿ ಬಿದ್ದ ಸುದ್ದಿಗೆ ‘ಓ ಡಿಯರ್’. ಇದು ಇಂಗ್ಲೆಂಡಿನಲ್ಲಿ ಜಾಸ್ತಿ, ವಯಸ್ಸಾದವರ ಬಾಯಲ್ಲಿ ಇನ್ನೂ ಜಾಸ್ತಿ. ಮಗುವಿನ ಫೋಟೋಗೆ ‘ಆ…’ ಎಂದು ಎಳೆಯುವುದು. ಯಜಮಾನರಿಗೆ ‘ಓ, ಕಮ್ ಆನ್’. ಕರೆಂಟ್ ಬಂದಾಗ ‘ಫ್ಯೂ’. ಈ ಫ್ಯೂ ಅನ್ನುವುದು ಬರೆಯಲಿಕ್ಕೆ ಮಾತ್ರ ಶಬ್ದ. ಬಾಯಲ್ಲಿ ಅದು ಉಸಿರು ಹೊರಗೆ ಬಿಡುವುದು ಅಷ್ಟೇ. ನಮ್ಮ ‘ಉಸ್ಸಪ್ಪಾ’ ಉಂಟಲ್ಲ, ಅದರ ‘ಉಸ್’ ಮಾತ್ರ.

‘ಊಪ್ಸ್’ ಬಗ್ಗೆ ಎಚ್ಚರ. ಅದು ನಮ್ಮಿಂದ ಆದ ಸಣ್ಣ ತಪ್ಪಿಗೆ. ಪೆನ್ನು ಬಿತ್ತು, ತಪ್ಪು ಬಟನ್ ಒತ್ತಿದೆ, ಅಷ್ಟಕ್ಕೆ. ಇನ್ನೊಬ್ಬರ ಬಟ್ಟೆಯ ಮೇಲೆ ಚಾ ಚೆಲ್ಲಿ ಬರೀ ‘ಊಪ್ಸ್’ ಎಂದು ನಿಂತರೆ ಕೊಬ್ಬು ಎನಿಸುತ್ತದೆ. ಸಾರಿ ಸೇರಲೇಬೇಕು. ಆಪರೇಷನ್ ಮಾಡುವ ಡಾಕ್ಟರ ಬಾಯಿಂದ ಬರಬಾರದ ಶಬ್ದ ಇದು ಎಂದು ಅವರಲ್ಲೇ ಜೋಕ್ ಉಂಟು.

ಇನ್ನು ಲೊಚಗುಟ್ಟುವುದು. ನಾವು ಪಾಪ ಎನಿಸಿದಾಗ ನಾಲಿಗೆಯಲ್ಲಿ ‘ಚ್ ಚ್ ಚ್’ ಮಾಡುತ್ತೇವೆ. ಇಂಗ್ಲಿಷಿನವರೂ ಅದೇ ಶಬ್ದ ಮಾಡುತ್ತಾರೆ, ಬರೆಯುವಾಗ ‘ಟಟ್ ಟಟ್’ ಎಂದು ಬರೆಯುತ್ತಾರೆ. ಆದರೆ ಅವರಲ್ಲಿ ಅದು ಹೆಚ್ಚಾಗಿ ‘ಏನಿದು, ಹೀಗೆ ಮಾಡಬಹುದಾ’ ಎಂಬ ಆಕ್ಷೇಪ. ಕಾಲು ಮುರಿದುಕೊಂಡವನ ಎದುರು ಕೂತು ನಾವು ಕನಿಕರದಿಂದ ಲೊಚಗುಟ್ಟಿದರೆ, ತನ್ನ ತಪ್ಪನ್ನು ಎತ್ತಿ ಆಡುತ್ತಿದ್ದಾರೆ ಎಂದು ಅವನಿಗೆ ಅನಿಸಬಹುದು. (ಹಲ್ಲಿ ಲೊಚಗುಟ್ಟಿದರೆ ಮಾತ್ರ ನಮ್ಮಲ್ಲಿ ಸತ್ಯ.)

ಅಂದ ಹಾಗೆ, ನಮ್ಮ ಅಯ್ಯೋ ಬಡವಿ ಏನಲ್ಲ. 2016ರಲ್ಲಿ ಅದು ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿಗೇ ಸೇರಿತು.

ಚೌಕಿಯ ಮೂಲೆಯಿಂದ

ಹಾಗಾದರೆ ಮಗ ‘ಅಯ್ಯೋ! ಐ ಹ್ಯಾವ್ ಲಾಸ್ಟ್ ಮೈ ಪರ್ಸ್’ ಎಂದು ಬರೆದಿದ್ದರೂ ನಿಘಂಟು ತೋರಿಸಿ ಮಾರ್ಕು ಕೇಳಬಹುದಿತ್ತು!

ಮಧೂರಿನಿಂದ

ನಾನು ಆಗಲೇ ಹೇಳಿದ್ದೆ, ಒಬ್ಬ ಅಯ್ಯೋ ಬರೆಯುತ್ತಾನೆ ಎಂದು.

ಉದುಮದ ಹಡಗಿನವ

ನಾನು ಮರ್ಚೆಂಟ್ ನೇವಿ. ನಮ್ಮ ಕಡೆ ಮನೆಗೊಬ್ಬ ಹಡಗಿನವ ಇರುತ್ತಾನೆ, ಗೊತ್ತಲ್ಲ. ಹಡಗಿನಲ್ಲಿ ಎಲ್ಲ ದೇಶದವರು. ನೋವಾದಾಗ ಯಾರ ನಾಲಿಗೆ ಎಲ್ಲಿಗೆ ಓಡುತ್ತದೆ ಎಂದು ಎಂಜಿನ್ ರೂಮಿನಲ್ಲಿ ನೋಡಬೇಕು. ಫಿಲಿಪ್ಪೀನ್ಸ್‌ನವರು ‘ಅರಾಯ್!’ ಅನ್ನುತ್ತಾರೆ. ಇಂಗ್ಲಿಷರು ‘ಔಚ್’. ನಾವು ಮಾತ್ರ ಅಮ್ಮನನ್ನು ಕರೆಯುತ್ತೇವೆ. ಹವ್ಯಕರು ‘ಅಬ್ಬೇ’, ತುಳುವರು ‘ಅಪ್ಪೇ’, ಮಲಯಾಳಿಗಳು ‘ಅಮ್ಮೇ’. ನನ್ನ ಜೊತೆಗಿದ್ದ ಫಿಲಿಪಿನೋ ಒಮ್ಮೆ ಕೇಳಿದ, ‘ನಿಮ್ಮ ಊರಿನವರೆಲ್ಲ ಒಬ್ಬಳೇ ಹೆಂಗಸನ್ನು ಕರೆಯುತ್ತೀರಲ್ಲ, ಯಾರು ಅವಳು?’

ಇಂಗ್ಲಿಷಿನಲ್ಲಿ ಒಂದು ಉದ್ಗಾರವನ್ನು ಮಾತ್ರ ನಾವು ಸುಮ್ನೆ ಬಾಯಿಗೆ ತರುವುದಿಲ್ಲ. ‘ಮೇಡೇ’. ಮೇ ತಿಂಗಳ ಮೊದಲ ದಿನಕ್ಕೂ ಇದಕ್ಕೂ ಸಂಬಂಧ ಇಲ್ಲ. ಫ್ರೆಂಚ್‌ನಲ್ಲಿ ‘ಮೆದೆ’ ಎಂದು ಕೇಳಿಸುವ ಒಂದು ಮಾತು ಉಂಟು, ನನಗೆ ಸಹಾಯ ಮಾಡಿ ಎಂದರ್ಥ. 1920ರ ದಶಕದಲ್ಲಿ ಲಂಡನ್ ಹತ್ತಿರದ ಕ್ರಾಯ್ಡನ್ ವಿಮಾನ ನಿಲ್ದಾಣದಲ್ಲಿ ಇದು ಶುರುವಾಯಿತು. ಆಗ ಪ್ಯಾರಿಸ್‌ಗೆ ಹೋಗಿಬರುವ ವಿಮಾನಗಳೇ ಜಾಸ್ತಿ, ಎರಡೂ ಕಡೆಯವರಿಗೆ ಅರ್ಥ ಆಗುವ ಶಬ್ದ ಬೇಕಿತ್ತು. ರೇಡಿಯೋದಲ್ಲಿ ಮೂರು ಸಲ ಹೇಳಬೇಕು, ‘ಮೇಡೇ, ಮೇಡೇ, ಮೇಡೇ’. ಹಡಗಾದರೆ ಚಾನೆಲ್ 16. ಪ್ರಾಣಕ್ಕೇ ಅಪಾಯ ಇದ್ದರೆ ಮಾತ್ರ. ಅಷ್ಟು ಜೋರಿನ ಕಷ್ಟ ಅಲ್ಲ, ಎಂಜಿನ್ ಕೆಟ್ಟಿದೆ, ಸಹಾಯ ಬೇಕು ಎಂದರೆ ‘ಪಾನ್ ಪಾನ್’. ಅದೂ ಫ್ರೆಂಚ್ ಮೂಲದ್ದೇ. ತಮಾಷೆಗೆ ಮೇಡೇ ಎಂದರೆ ಕೇಸು ಬೀಳುತ್ತದೆ.

ಅಯ್ಯೋ ಹಾಗಲ್ಲ. ಹಾಲು ಉಕ್ಕಿದರೂ ಅಯ್ಯೋ, ಹಡಗು ಮುಳುಗಿದರೂ ಅಯ್ಯೋ. ರೇಡಿಯೋದಲ್ಲಿ ಅದನ್ನು ಇಟ್ಟಿದ್ದರೆ ಕೋಸ್ಟ್ ಗಾರ್ಡ್‌ನವರು ದಿನವಿಡೀ ಓಡುತ್ತಿದ್ದರು.

ಉಪ್ಪಳದವ

ನನ್ನದೊಂದು ಸಂಶಯ ಮಾಷ್ಟ್ರೇ. ಗಲ್ಫ್‌ನಲ್ಲಿ ನಮ್ಮ ಆಫೀಸಿನಲ್ಲಿ ಒಬ್ಬರು ಇಂಗ್ಲಿಷ್ ಮೇಡಂ ಇದ್ದರು, ಪ್ರತಿ ವಾರ ಚರ್ಚಿಗೆ ಹೋಗುವವರು. ನಾನು ಮಾತು ಮಾತಿಗೆ ‘ಓ ಮೈ ಗಾಡ್’ ಅಂತಿದ್ದೆ. ಒಂದು ದಿನ ಕರೆದು ಮೆಲ್ಲಗೆ ಹೇಳಿದರು, ಹಾಗೆ ಅನ್ನಬೇಡ ಎಂದು. ನಾನು ತಿರುಗಿ ಕೇಳಿದೆ, ‘ದೇವರ ಹೆಸರು ತಾನೇ ಹೇಳುತ್ತಿದ್ದೇನೆ, ಒಳ್ಳೆಯದಲ್ವಾ?’ ಅವರು ನಕ್ಕರು, ಉತ್ತರ ಕೊಡಲಿಲ್ಲ. ನಾವು ‘ಯಾ ಅಲ್ಲಾಹ್’ ಅನ್ನುತ್ತೇವೆ, ನೀವು ‘ಶಿವ ಶಿವಾ’ ಅನ್ನುತ್ತೀರಿ. ಅವರಿಗೆ ಯಾಕೆ ಆಗುವುದಿಲ್ಲ?

ಪೆರ್ಲದ ಮಾಷ್ಟ್ರು

ಭಾಯ್, ಇದು ನನ್ನ ಇಷ್ಟದ ವಿಷಯ. ಸ್ವಲ್ಪ ಉದ್ದ ಬರೆದರೆ ಸಹಿಸಿಕೊಳ್ಳಿ.

ಬೈಬಲ್ಲಿನ ಹತ್ತು ಆಜ್ಞೆಗಳಲ್ಲಿ ಒಂದು, ದೇವರ ಹೆಸರನ್ನು ವ್ಯರ್ಥವಾಗಿ ಎತ್ತಬೇಡ ಎಂದು. ಹಾಗಾಗಿ ನಂಬಿಕೆ ಇರುವ ಕ್ರೈಸ್ತರಿಗೆ ಬಸ್ ತಪ್ಪಿದ್ದಕ್ಕೆಲ್ಲ ದೇವರನ್ನು ಎಳೆಯುವುದು ಸರಿ ಕಾಣುವುದಿಲ್ಲ. ನಮಗೆ ಉಲ್ಟಾ. ಎಡವಿದಾಗ ‘ರಾಮ ರಾಮಾ’ ಎಂದರೆ ನೋವಿನ ಜೊತೆ ಒಂದಿಷ್ಟು ಪುಣ್ಯವೂ ಬಂತು.

ಆದರೆ ಬಾಯಿ ಕೇಳಬೇಕಲ್ಲ! ಸಿಟ್ಟು ಬಂದಾಗ, ಹೆದರಿದಾಗ ಅವರಿಗೂ ದೇವರ ಹೆಸರೇ ಬರುತ್ತದೆ. ಅದಕ್ಕೆ ಒಂದು ಉಪಾಯ ಮಾಡಿದರು. ಹೆಸರನ್ನು ಅರ್ಧಕ್ಕೆ ತಿರುಚಿದರು. ‘ಗಾಡ್’ ಎಂದು ಶುರುಮಾಡಿ ‘ಗಾಶ್’ ಎಂದು ಮುಗಿಸಿದರು. ‘ಗಾಲಿ’ ಕೂಡ ಅದೇ. ‘ಜೀಸಸ್’ ಎನ್ನಲು ಹೋಗಿ ‘ಜೀ’, ‘ಜೀಝ್’ ಆಯಿತು. ‘ಕ್ರೈಸ್ಟ್’ ಹೋಗಿ ‘ಕ್ರೈಕಿ’. ‘ಡ್ಯಾಮ್’ ಹೋಗಿ ‘ಡಾರ್ನ್’, ‘ಹೆಲ್’ ಹೋಗಿ ‘ಹೆಕ್’. ಲಂಡನ್ನಿನವರ ‘ಬ್ಲೈಮಿ’ ಉಂಟಲ್ಲ, ಅದು ‘ದೇವರು ನನ್ನ ಕಣ್ಣು ಕುರುಡು ಮಾಡಲಿ’ ಎಂಬ ಆಣೆಯ ಮುದ್ದೆ. ಹಳೆಯ ನಾಟಕಗಳಲ್ಲಿ ‘ಝೂಂಡ್ಸ್’ ಎಂದು ಬರುತ್ತದೆ, ಅದು ‘ದೇವರ ಗಾಯಗಳ ಆಣೆ’.

ಈಗ ಇವುಗಳ ಮೂಲ ಅವರಲ್ಲೇ ಎಷ್ಟೋ ಜನಕ್ಕೆ ಗೊತ್ತಿಲ್ಲ. ‘ಓ ಮೈ ಗಾಶ್’ ಎಂದರೆ ಯಾರಿಗೂ ಬೇಜಾರಾಗುವುದಿಲ್ಲ. ಮಕ್ಕಳಿಗೆ ಕಲಿಸುವುದಾದರೆ ಅದನ್ನೇ ಕಲಿಸಿ.

ದೇವರ ಹೆಸರು ಇದ್ದೂ ಕಾಣದ ಇನ್ನೊಂದು ಶಬ್ದ ‘ಗುಡ್‌ಬೈ’. ಅದು ‘ಗಾಡ್ ಬಿ ವಿದ್ ಯೀ’, ದೇವರು ನಿನ್ನ ಜೊತೆಗಿರಲಿ ಎಂಬ ಮಾತು ಸವೆದು ಆದದ್ದು. ದಿನಾ ಹೇಳುತ್ತೇವೆ.

ಉಪ್ಪಳದವ

ಈಗ ಗೊತ್ತಾಯಿತು. ಆ ಮೇಡಂ ‘ಓ ಮೈ ಗುಡ್‌ನೆಸ್’ ಅಂತಿದ್ದರು. ನಾನು ಅದನ್ನು ಏನೋ ಹೊಗಳಿಕೆ ಅಂದುಕೊಂಡಿದ್ದೆ.

ಬಸ್ಸಿನ ಕಿಟಕಿ

ಇಂಗ್ಲಿಷ್ ಬಿಡಿ. ನಮ್ಮ ಊರಿನ ಬಸ್ಸಿನ ಬೋರ್ಡಿನಲ್ಲಿ ಕನ್ನಡ ಯಾವಾಗ ಬರುತ್ತದೆ? ಅದನ್ನು ಯಾರೂ ಚರ್ಚೆ ಮಾಡುವುದಿಲ್ಲ.

ಚೌಕಿಯ ಮೂಲೆಯಿಂದ

ಅಣ್ಣಾ, ಅದಕ್ಕೆ ಬೇರೆ ಚರ್ಚೆ ಓಡುತ್ತಾ ಉಂಟು. ಅಲ್ಲಿ ಬನ್ನಿ, ನಾನೂ ಬರುತ್ತೇನೆ. ಇಲ್ಲಿ ಮಾಷ್ಟ್ರು ರಂಗಕ್ಕೆ ಬಂದಾಗಿದೆ, ಭಳಿರೇ ಪರಾಕ್ರಮ ಕಂಠೀರವ!

ಮಾಷ್ಟ್ರೇ, ನಮ್ಮ ‘ಭಳಿರೇ’ಗೆ ಇಂಗ್ಲಿಷಿನಲ್ಲಿ ‘ಬ್ರಾವೋ’ ಅಲ್ವಾ?

ಪೆರ್ಲದ ಮಾಷ್ಟ್ರು

ಹತ್ತಿರ ಬರುತ್ತದೆ. ಬ್ರಾವೋ ಇಟಲಿಯದು. ಅಲ್ಲಿ ಗಾಯಕನಿಗೆ ಬ್ರಾವೋ, ಗಾಯಕಿಗೆ ‘ಬ್ರಾವಾ’, ತುಂಬ ಜನರಿದ್ದರೆ ‘ಬ್ರಾವಿ’. ಇಂಗ್ಲಿಷಿಗೆ ಬಂದ ಮೇಲೆ ಎಲ್ಲರಿಗೂ ಬ್ರಾವೋ. ಈಗ ಸಂಗೀತ ಸಭೆಯಲ್ಲಿ ಕೇಳುತ್ತದೆ. ಆಟದ ಮೈದಾನದಲ್ಲಿ ‘ವೆಲ್ ಡನ್’, ‘ನೈಸ್ ಒನ್’. ಹುರ್ರಾ ಕೂಡ ಈಗ ‘ಹಿಪ್ ಹಿಪ್’ ಜೊತೆಗೆ ಹುಟ್ಟುಹಬ್ಬದಲ್ಲೇ ಜಾಸ್ತಿ. ಗೆದ್ದವರು ಮುಷ್ಟಿ ಬಿಗಿದು ‘ಯೆಸ್!’ ಅನ್ನುವುದನ್ನು ಟಿವಿಯಲ್ಲಿ ದಿನಾ ನೋಡುತ್ತೇವಲ್ಲ. ಹುಡುಗನೂ ಅದನ್ನೇ ನೋಡಿ ಬರೆದದ್ದು.

‘ವಾವ್’ ಹೊಸ ಫ್ಯಾಷನ್ ಅಂದುಕೊಂಡವರು ಉಂಟು. ಅದು ಸ್ಕಾಟ್ಲೆಂಡಿನದು, ಐನೂರು ವರ್ಷ ಹಳೆಯದು. 1513ರ ಬರಹದಲ್ಲೇ ಸಿಗುತ್ತದೆ.

ನೀರ್ಚಾಲಿನ ಹುಡುಗಿ

ನನಗೂ ಒಂದು ಉಂಟು. ‘ಹೌ ಬ್ಯೂಟಿಫುಲ್ ಈಸ್ ದಿಸ್ ಪ್ಲೇಸ್!’ ಎಂದು ಬೇಕಲ ಕೋಟೆಯ ಫೋಟೋ ಹಾಕಿದ್ದೆ. ಆಫೀಸಿನಲ್ಲಿ ಒಬ್ಬಳು ತಪ್ಪು ಎಂದಳು. ಯಾಕೆ ಎಂದು ಕೇಳಿದರೆ ‘ಕೇಳಲಿಕ್ಕೆ ಸರಿ ಇಲ್ಲ’ ಅಷ್ಟೇ.

ಪೆರ್ಲದ ಮಾಷ್ಟ್ರು

ನನ್ನ ಪ್ರಕಾರ ಶಾಲೆಯಲ್ಲಿ ಅಲಾಸ್ ಬಿಟ್ಟು ಇದನ್ನು ಕಲಿಸಬೇಕಿತ್ತು.

ಕನ್ನಡದಲ್ಲಿ ‘ನೀನು ಎಷ್ಟು ಎತ್ತರ ಇದ್ದೀಯ’ ಎನ್ನಿ. ಕೊನೆಯಲ್ಲಿ ಸ್ವರ ಎತ್ತಿದರೆ ಪ್ರಶ್ನೆ. ‘ಎಷ್ಟು’ವನ್ನು ಹಿಗ್ಗಿಸಿದರೆ ಉದ್ಗಾರ. ಶಬ್ದಗಳು ಇದ್ದಲ್ಲೇ ಇರುತ್ತವೆ. ಇಂಗ್ಲಿಷಿನಲ್ಲಿ ಶಬ್ದಗಳು ಜಾಗ ಬದಲಿಸುತ್ತವೆ. ‘ಹೌ ಟಾಲ್ ಆರ್ ಯು’ ಎಂದರೆ ಅಳತೆ ಕೇಳುವುದು. ‘ಹೌ ಟಾಲ್ ಯು ಆರ್!’ ಎಂದರೆ ಬೆರಗಾಗುವುದು. ‘ಆರ್’ ಮುಂದೆ ಬಂದರೆ ಪ್ರಶ್ನೆ, ಹಿಂದೆ ಹೋದರೆ ಉದ್ಗಾರ. ಹಾಗಾಗಿ ನಿಮ್ಮದು ‘ಹೌ ಬ್ಯೂಟಿಫುಲ್ ದಿಸ್ ಪ್ಲೇಸ್ ಈಸ್!’ ಆಗಬೇಕು. ಹಳೆಯ ಪದ್ಯ, ಭಕ್ತಿಗೀತೆಗಳಲ್ಲಿ ನೀವು ಬರೆದ ಹಾಗೂ ಇರುತ್ತದೆ. ಫೋಟೋ ಕೆಳಗೆ ಬೇಡ.

‘ವಾಟ್’ ಹಾಕಿದರೆ ಮುಂದೆ ನಾಮಪದ ಬೇಕು. ‘ವಾಟ್ ಎ ಶಾಟ್!’, ‘ವಾಟ್ ಎ ಪಿಟಿ!’ ಇಲ್ಲಿ ನಾವು ಎಡವುವುದು ಆ ‘ಎ’ಯಲ್ಲಿ. ‘ವಾಟ್ ಎ ಲವ್ಲಿ ವೆದರ್’ ಎಂದು ಬರೆಯುವವರು ಬೇಕಾದಷ್ಟು ಜನ. ವೆದರ್ ಎಣಿಸುವ ವಸ್ತು ಅಲ್ಲ, ‘ಎ’ ಬೇಡ. ‘ವಾಟ್ ಲವ್ಲಿ ವೆದರ್!’ ಸಾಕು.

ಇನ್ನೊಂದು ವಿಚಿತ್ರ. ಪ್ರಶ್ನೆಯ ಅಂಗಿ ಹಾಕಿಕೊಂಡು ಬರುವ ಉದ್ಗಾರ. ‘ಈಸಂಟ್ ಇಟ್ ಹಾಟ್!’ ಎಂದರೆ ಸೆಕೆ ಇಲ್ಲವಾ ಎಂದು ಕೇಳುವುದಲ್ಲ, ಎಂಥ ಸೆಕೆ ಎಂದು ಹೇಳುವುದು. ನಮ್ಮ ‘ಎಂತ ಸೆಕೆ ಮಾರಾಯ್ರೇ’ಯಲ್ಲೂ ಪ್ರಶ್ನೆಯ ‘ಎಂತ’ವೇ ಕೂತಿದೆ, ನೋಡಿ.

ಪ್ರೆಸ್ಸಿನ ಶಾಯಿ

ಕುಂಬಳೆಯಲ್ಲಿ ಡಿಟಿಪಿ ಕೆಲಸ ನನ್ನದು. ಶಬ್ದ ಬಿಟ್ಟು ಆ ಕಡ್ಡಿ-ಚುಕ್ಕಿಯ ಬಗ್ಗೆ ಸ್ವಲ್ಪ ಹೇಳುತ್ತೇನೆ.

ಮದುವೆ ಕಾಗದ ಟೈಪ್ ಮಾಡಲಿಕ್ಕೆ ಬಂದವರು ‘ಸರ್ವರಿಗೂ ಸ್ವಾಗತ’ದ ಮುಂದೆ ಮೂರು ಆಶ್ಚರ್ಯ ಚಿಹ್ನೆ ಬೇಕು ಅನ್ನುತ್ತಾರೆ. ಸ್ವಾಗತದಲ್ಲಿ ಆಶ್ಚರ್ಯ ಏನು? ಒಬ್ಬರಿಗೆ ಒಂದೇ ಹಾಕಿಕೊಟ್ಟದ್ದಕ್ಕೆ, ‘ಹುಡುಗಿ ಕಡೆಯವರದ್ದರಲ್ಲಿ ಮೂರು ಉಂಟು’ ಎಂದು ವಾಪಸ್ ತಂದರು.

ನಮ್ಮ ತಾಳೆಗರಿಯಲ್ಲಿ ಇದು ಇರಲೇ ಇಲ್ಲ. ಅಲ್ಲಿ ದಂಡ ಎಂಬ ನಿಂತ ಗೆರೆ ಹಾಕುತ್ತಿದ್ದರು, ಅಷ್ಟೇ. ಇದೆಲ್ಲ ಅಚ್ಚಿನ ಜೊತೆ ಇಂಗ್ಲಿಷಿನಿಂದ ಬಂದದ್ದು. ಅದರ ಹುಟ್ಟಿನ ಬಗ್ಗೆ ಒಂದು ಊಹೆ ಉಂಟು. ಲ್ಯಾಟಿನ್‌ನಲ್ಲಿ ‘ಇಯೋ’ ಎಂದರೆ ಸಂತೋಷದ ಕೂಗು. ಅದರ ಎರಡು ಅಕ್ಷರಗಳನ್ನು ಒಂದರ ಕೆಳಗೆ ಒಂದು ಬರೆದರು, ಮೇಲಿನದು ಕಡ್ಡಿ, ಕೆಳಗಿನ ಸೊನ್ನೆ ಬರಬರುತ್ತಾ ಚುಕ್ಕಿ ಆಯಿತು ಎಂದು. ನಿಜವೋ ಕತೆಯೋ, ನೋಡಲಿಕ್ಕೆ ಹಾಗೇ ಕಾಣುತ್ತದೆ.

ಹಳೆಯ ಇಂಗ್ಲಿಷ್ ಟೈಪ್‌ರೈಟರುಗಳಲ್ಲಿ ಇದಕ್ಕೆ ಕೀಲಿಯೇ ಇರುತ್ತಿರಲಿಲ್ಲ. ಮೇಲೆ ಒಂದು ಅಪಾಸ್ಟ್ರಫಿ ಹೊಡೆದು, ಒಂದು ಹೆಜ್ಜೆ ಹಿಂದೆ ಬಂದು, ಕೆಳಗೆ ಚುಕ್ಕಿ ಹೊಡೆಯಬೇಕು. ಮೂರು ಸಲ ಬೆರಳು ಆಡಿಸಬೇಕು. ಆಗ ಯಾರೂ ಸುಮ್ನೆ ಸುಮ್ನೆ ಆಶ್ಚರ್ಯಪಡುತ್ತಿರಲಿಲ್ಲ. ಈಗ ಮೊಬೈಲಿನಲ್ಲಿ ಒತ್ತಿ ಹಿಡಿದರೆ ಮುಗಿಯಿತು.

ಉದುಮದ ಹಡಗಿನವ

ಕೆನಡಾದ ಕ್ವಿಬೆಕ್‌ನಲ್ಲಿ ಸೇಂಟ್ ಲೂಯಿ ದು ಹಾ! ಹಾ! ಎಂಬ ಊರು ಉಂಟು. ಹೆಸರಿನಲ್ಲೇ ಎರಡು ಚಿಹ್ನೆ. ಇಂಗ್ಲೆಂಡಿನ ಡೆವನ್‌ನಲ್ಲಿ ‘ವೆಸ್ಟ್‌ವರ್ಡ್ ಹೋ!’ ಎಂಬ ಊರಿಗೆ ಒಂದು.

ಚೌಕಿಯ ಮೂಲೆಯಿಂದ

ಹಾಗಾದರೆ ನಮ್ಮ ಪೆರ್ಲ!, ಉಪ್ಪಳ!, ಬದಿಯಡ್ಕ! ಎಲ್ಲದಕ್ಕೂ ಹಾಕಿಬಿಡೋಣ. ಮಳೆಗಾಲದ ರಸ್ತೆ ನೋಡಿದರೆ ಎರಡೆರಡು ಹಾಕಬಹುದು.

ಹೊಸದುರ್ಗದಿಂದ

ನಾನು ಗಣಿತದವನು. ನಮಗೆ ‘5!’ ಎಂದರೆ ಐದು ಎಂದು ಕಿರುಚುವುದಲ್ಲ. ಐದರಿಂದ ಒಂದರವರೆಗೆ ಎಲ್ಲವನ್ನೂ ಗುಣಿಸುವುದು, 120. ಕ್ರಿಶ್ಚಿಯನ್ ಕ್ರಾಂಪ್ ಎಂಬವನು 1808ರಲ್ಲಿ ತಂದ ಗುರುತು. ಚಿಕ್ಕ ಸಂಖ್ಯೆಯ ಪಕ್ಕದಲ್ಲಿ ಹಾಕಿದರೂ ಉತ್ತರ ನೋಡಿ ಆಶ್ಚರ್ಯವಂತೂ ಆಗುತ್ತದೆ. ‘10!’ ಮಾಡಿ ನೋಡಿ, ಮೂವತ್ತಾರು ಲಕ್ಷ ದಾಟುತ್ತದೆ.

ನೀರ್ಚಾಲಿನ ಹುಡುಗಿ

ಮೆಸೇಜಿನ ಚಿಹ್ನೆಗೂ ಬೇರೆಯೇ ಲೆಕ್ಕ. ನಮ್ಮ ಟೀಮಿನಲ್ಲಿ ‘ಥ್ಯಾಂಕ್ಸ್!’ ಎಂದರೆ ಖುಷಿ. ಚುಕ್ಕಿ ಇಟ್ಟು 'ಥ್ಯಾಂಕ್ಸ್.' ಎಂದರೆ ಏನೋ ಸಿಟ್ಟು ಉಂಟು ಎಂದು ಎಲ್ಲರೂ ಮುಖ ಮುಖ ನೋಡುತ್ತಾರೆ. ನಮ್ಮ ಮ್ಯಾನೇಜರ್‌ಗೆ ವಯಸ್ಸಾಗಿದೆ, ವ್ಯಾಕರಣ ಸರಿ ಇರಲಿ ಎಂದು ಚುಕ್ಕಿ ಇಡುತ್ತಾರೆ ಪಾಪ. ಆರು ತಿಂಗಳು ನಾನು ಹೆದರಿಕೊಂಡೇ ಕೆಲಸ ಮಾಡಿದೆ.

ಪೆರ್ಲದ ಮಾಷ್ಟ್ರು

ಒಂದು ಉದ್ಗಾರ ಮಾತ್ರ ಎಲ್ಲಿ ಹೋದರೂ ಕೆಲಸಕ್ಕೆ ಬರುತ್ತದೆ, ಅದನ್ನು ಹೇಳಿ ಮುಗಿಸುತ್ತೇನೆ. ಕೇಳಿಸದಿದ್ದಾಗ ನಾವು ‘ಹ್ಞಾ?’ ಎನ್ನುತ್ತೇವಲ್ಲ, ಇಂಗ್ಲಿಷಿನ ‘ಹಃ?’. 2013ರಲ್ಲಿ ಭಾಷಾ ಸಂಶೋಧಕರು 31 ಭಾಷೆಗಳನ್ನು ನೋಡಿ, ಇದು ಎಲ್ಲ ಕಡೆ ಹೆಚ್ಚು ಕಡಿಮೆ ಒಂದೇ ಥರ ಉಂಟು ಎಂದು ಬರೆದರು. ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ ಇಗ್ ನೊಬೆಲ್ ಬಹುಮಾನವೂ 2015ರಲ್ಲಿ ಅವರಿಗೆ ಸಿಕ್ಕಿತು. ನನಗೆ ಈಗ ಕಿವಿ ಸ್ವಲ್ಪ ಮಂದ, ದಿನಕ್ಕೆ ನೂರು ಸಲ ‘ಹ್ಞಾ?’ ಅನ್ನುತ್ತೇನೆ. ಮನೆಯವಳು ಬೈದಾಗ ಈ ಸಂಶೋಧನೆಯನ್ನು ಹೇಳುವುದುಂಟು. ಪ್ರಯೋಜನ ಆಗಿಲ್ಲ.

ಬದಿಯಡ್ಕದ ಅಮ್ಮ

ಇವತ್ತು ಶಾಲೆಗೆ ಹೋಗಿದ್ದೆ. ಜಗಳಕ್ಕಲ್ಲ. ಈ ಚರ್ಚೆಯನ್ನೇ ಮೊಬೈಲಿನಲ್ಲಿ ತೋರಿಸಿದೆ. ಟೀಚರ್ ಚಿಕ್ಕ ಪ್ರಾಯದವರು, ನಿಂತಲ್ಲೇ ಪೂರ್ತಿ ಓದಿದರು. ಅಕಟಕಟಾ ಬಂದಲ್ಲಿ ಜೋರಾಗಿ ನಕ್ಕರು. ‘ಓ ನೋ’ಗೆ ಮಾರ್ಕು ಕೊಟ್ಟರು. ‘ಯೆಸ್’ಗೆ ಕೊಡಲಿಲ್ಲ. ಪ್ರಶ್ನೆಯ ಮೇಲೆ ಆವರಣದಲ್ಲಿ ನಾಲ್ಕು ಶಬ್ದ ಕೊಟ್ಟು ‘ಇವುಗಳಿಂದ ಆರಿಸಿ’ ಎಂದಿತ್ತಂತೆ, ಇವನು ಓದಿಯೇ ಇಲ್ಲ. ಹಾಗೆ ನೋಡಿದರೆ ‘ಓ ನೋ’ಗೂ ಕೊಡಬೇಕಾಗಿರಲಿಲ್ಲ ಎಂದು ಅವರೇ ಹೇಳಿದರು. ನಾನೂ ಪೇಪರಿನ ಆ ಸಾಲು ನೋಡಿರಲಿಲ್ಲ. ಮಧೂರಿನವರೇ, ನೀವು ಹೇಳಿದ್ದರಲ್ಲೂ ಸತ್ಯ ಇತ್ತು.

ಮಾಷ್ಟ್ರೇ, ಟೀಚರ್ ನಿಮ್ಮನ್ನು ಕೇಳಿದ್ದಾರೆ. ಶುಕ್ರವಾರ ಮಧ್ಯಾಹ್ನ ಮಕ್ಕಳಿಗೆ ಇದನ್ನೇ ಹೇಳಲಿಕ್ಕೆ ಬರಬಹುದಾ ಎಂದು.

ಮಧೂರಿನಿಂದ

‘ಇವುಗಳಿಂದ ಆರಿಸಿ’ ಎಂದಿತ್ತಾ! ಇದನ್ನು ಮೊದಲೇ ಹೇಳಬಾರದಿತ್ತಾ ಅಕ್ಕಾ?

ಪೆರ್ಲದ ಮಾಷ್ಟ್ರು

ಖಂಡಿತ ಬರುತ್ತೇನೆ. ಊಟ ಮುಗಿಸಿ ಹೊರಟರೆ ಎರಡು ಗಂಟೆಗೆ ಸರಿಯಾಗಿ ತಲುಪುವ ಬಸ್ಸು ಯಾವುದುಂಟು? ಯಾರಾದರೂ ಹೇಳಿ. ಕಪ್ಪುಹಲಗೆ ಇರಲಿ, ಮೈಕ್ ಬೇಡ. ಮಕ್ಕಳ ಪ್ರಶ್ನೆ ಕೇಳಿಸಲಿಕ್ಕೆ ಮುಂದಿನ ಬೆಂಚಿನಲ್ಲಿ ಜೋರು ಬಾಯಿಯವರನ್ನು ಕೂರಿಸಿ.

ಚೌಕಿಯ ಮೂಲೆಯಿಂದ

ಹ್ಞಾ?